ಬೆಳಿಗ್ಗೆ ಬಯಲಾದ ಬಣ್ಣ

ರಾತ್ರಿ ಆಕಾಶದ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅದರ ಬಣ್ಣ ತಿದ್ದುವುದು ನನ್ನ ಹವ್ಯಾಸ. ರಾತ್ರಿ ಎರಡೂ ಮುಕ್ಕಾಲಿಗೆ ನನ್ನ ಓರಾಯನ್ ನೀಹಾರಿಕೆಯ (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ) ಚಿತ್ರ ತುಂಬಾ ಚೆನ್ನಾಗಿತ್ತು. ನಡುವೆ ತಿಳಿ ಗುಲಾಬಿ, ಅಂಚಿಗೆ ಹೋದ ಹಾಗೆ ಕೆಂಪು, ಹಿಂದೆ ಅಚ್ಚ ಕಪ್ಪು ಆಕಾಶ. ಯಾರಿಗಾದರೂ ತೋರಿಸಲೇಬೇಕು ಅನ್ನಿಸಿತು. ಆದರೆ ಆ ಹೊತ್ತಿನಲ್ಲಿ ಹೆಂಡತಿಯನ್ನು ಎಬ್ಬಿಸಿ "ನೀಹಾರಿಕೆ ನೋಡು ಬಾ" ಎನ್ನುವಷ್ಟು ಧೈರ್ಯ ನನಗಿಲ್ಲ. ಸೇವ್ ಮಾಡಿ ಮಲಗಿದೆ.

ಬೆಳಿಗ್ಗೆ ಎದ್ದಾಗ ಮಗಳು ಕಂಪ್ಯೂಟರ್ ಮುಂದೆ ನಿಂತಿದ್ದಳು. "ಅಪ್ಪಾ, ಇದರ ಮೇಲೆ ಶಾಯಿ ಚೆಲ್ಲಿಕೊಂಡ್ಯಾ?"

ನೋಡಿದೆ. ಆಕಾಶವೆಲ್ಲ ಕಡು ನೀಲಿ. ನೀಹಾರಿಕೆ ನೇರಳೆ. ಯಾರೋ ಗುದ್ದಿ ಊದಿದ ಕಣ್ಣಿನ ಹಾಗೆ ಕಾಣುತ್ತಿತ್ತು.

ಕಳ್ಳ ಸಿಕ್ಕಿದ್ದು ಒಂದು ವಾರದ ನಂತರ. ಪರದೆಯ ನೈಟ್ ಮೋಡ್. ಕತ್ತಲಾದ ಮೇಲೆ ಕಣ್ಣಿಗೆ ಆಯಾಸ ಆಗದಿರಲಿ ಎಂದು ಕಂಪ್ಯೂಟರ್ ತಾನೇ ನೀಲಿಯನ್ನು ತಗ್ಗಿಸಿ ಪರದೆಯನ್ನು ಹಳದಿ ಮಾಡುತ್ತದೆ. ಬೆಳಿಗ್ಗೆ ತಾನೇ ಸರಿಯಾಗುತ್ತದೆ. ನಾನು "ಚಿತ್ರ ಯಾಕೋ ಹಳದಿ ಹಳದಿ" ಎಂದುಕೊಂಡು ಮೂರು ಗಂಟೆ ಕಾಲ ಅದಕ್ಕೆ ನೀಲಿ ಸುರಿದಿದ್ದೆ. ಕಂಪ್ಯೂಟರ್ ನನ್ನ ಕಣ್ಣನ್ನು ಕಾಪಾಡಿತ್ತು, ಮರ್ಯಾದೆಯನ್ನಲ್ಲ.

ಒಂದು ವಾರ ಯಾಕೆ ಬೇಕಾಯಿತು ಎಂದರೆ, ಅನುಮಾನ ಪಡುವುದಕ್ಕೆ ಬೇರೆ ಬೇಕಾದಷ್ಟು ವಿಷಯಗಳಿದ್ದವು. ಈ ಕೆಲಸದಲ್ಲಿ ಬಣ್ಣ ಕೆಡುವುದಕ್ಕೆ ಒಂದೇ ಬಾಗಿಲು ಅಂತ ಇಲ್ಲ.

ಮೊದಲನೆಯದಾಗಿ, ಶುರುವಿನಲ್ಲಿ ಅಲ್ಲಿ ಬಣ್ಣವೇ ಇರುವುದಿಲ್ಲ. ಎರಡೆರಡು ನಿಮಿಷದ 120 ಫೋಟೋ ತೆಗೆದು, ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಸ್ಟ್ಯಾಕ್ ಮಾಡಿದ್ದೆ. ಅಂದರೆ 4 ಗಂಟೆಯ ಬೆಳಕು. ಫೈಲ್ ತೆರೆದರೆ ಪೂರ್ತಿ ಕಪ್ಪು, ಅಲ್ಲಲ್ಲಿ ನಾಲ್ಕಾರು ಚುಕ್ಕೆ. ಮುಚ್ಚಳ ತೆಗೆಯದೇ ಫೋಟೋ ತೆಗೆದೆನಾ ಎಂದು ಎದೆ ಧಸಕ್ಕೆಂದಿತು. (ಹಾಗೂ ಒಮ್ಮೆ ಆಗಿದೆ. ಅದು ಬೇರೆ ಕಥೆ.) ಬೆಳಕೆಲ್ಲ ಹಿಸ್ಟೋಗ್ರಾಮಿನ (ಕಪ್ಪಿನಿಂದ ಬಿಳುಪಿನವರೆಗೆ ಯಾವ ಹೊಳಪು ಎಷ್ಟಿದೆ ಎಂದು ತೋರಿಸುವ ನಕ್ಷೆ) ಎಡ ಮೂಲೆಯಲ್ಲಿ ಮುದುಡಿಕೊಂಡು ಕೂತಿರುತ್ತದೆ. ಅದನ್ನು ಎಳೆದು ಬಿಡಿಸಬೇಕು. ಇದಕ್ಕೆ ಸ್ಟ್ರೆಚ್ ಅನ್ನುತ್ತಾರೆ. ನಾನೂ ಎಳೆದೆ. ನೀಹಾರಿಕೆ ಬಂತು. ಹಸಿರಾಗಿ ಬಂತು. ನಿಂತ ನೀರಿನ ಪಾಚಿಯಷ್ಟು ಹಸಿರು.

ಕ್ಯಾಮೆರಾ ಕೆಟ್ಟಿಲ್ಲ, ಅದರ ರೀತಿಯೇ ಅದು. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡನ್ನೇ ನಮ್ಮ ಕಲರ್ ಕ್ಯಾಮೆರಾಗಳು ಇವತ್ತಿಗೂ ಬಳಸುತ್ತವೆ. ಸೆನ್ಸರಿನ ಪ್ರತಿ ನಾಲ್ಕು ಚೌಕದಲ್ಲಿ ಒಂದು ಕೆಂಪಿಗೆ, ಒಂದು ನೀಲಿಗೆ, ಎರಡು ಹಸಿರಿಗೆ. ನಮ್ಮ ಕಣ್ಣಿಗೂ ಹಸಿರೇ ಜಾಸ್ತಿ ಚುರುಕಾಗಿ ಕಾಣುವುದರಿಂದ ಈ ಪಕ್ಷಪಾತ. ಹಗಲಿನ ಫೋಟೋದಲ್ಲಿ ಕ್ಯಾಮೆರಾ ಒಳಗೊಳಗೇ ಇದನ್ನು ಸರಿ ಮಾಡಿ ಕೊಡುತ್ತದೆ. ಕಚ್ಚಾ ಫೈಲಿನಲ್ಲಿ ಆ ಕೆಲಸ ನಮ್ಮ ತಲೆಗೆ.

ಹಸಿರು ತೆಗೆಯುವ ಬಟನ್ ಒಂದಿದೆ. "ಹಸಿರು ನಕ್ಷತ್ರ ಅಂತ ಇಲ್ಲ, ಆದ್ದರಿಂದ ಹಸಿರು ಕಂಡಲ್ಲಿ ಒರೆಸಿ" ಎಂದು ತಿಳಿದವರು ಹೇಳಿದ್ದರು. ಮಾತು ಸರಿಯೇ. ಹಸಿರಿನಲ್ಲಿ ಜೋರಾಗಿ ಉರಿಯುವ ನಕ್ಷತ್ರ ಕೆಂಪು, ನೀಲಿಯನ್ನೂ ಸಾಕಷ್ಟು ಚೆಲ್ಲುವುದರಿಂದ ಒಟ್ಟಿಗೆ ಬೆಳ್ಳಗೆ ಕಾಣುತ್ತದೆ. ನಾನು ಬಟನ್ ಒತ್ತಿದೆ. ಒಮ್ಮೆ ಒತ್ತಿದ್ದು ಸಾಲದು ಅನ್ನಿಸಿ ಮೂರು ಸಲ ಒತ್ತಿದೆ. ಪಾಚಿ ಹೋಯಿತು. ಅದರ ಜೊತೆಗೆ ನೀಹಾರಿಕೆಯ ನಡುವೆ ಇದ್ದ ನಿಜವಾದ ಹಸಿರು ಛಾಯೆಯೂ ಹೋಯಿತು.

ಹೌದು, ನಕ್ಷತ್ರ ಹಸಿರಿಲ್ಲ, ಆದರೆ ನೀಹಾರಿಕೆಯಲ್ಲಿ ಹಸಿರಿದೆ. 1864ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ ಎದ್ದು ಕಂಡದ್ದು ಹಸಿರು ಗೆರೆ. ಭೂಮಿಯ ಮೇಲಿನ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಹಾಗಾಗಿ ಇಲ್ಲದ ಮೂಲವಸ್ತು ಒಂದಕ್ಕೆ 'ನೆಬುಲಿಯಂ' ಎಂದು ಹೆಸರೂ ಬಿತ್ತು. 1927ರಲ್ಲಿ ಅಮೆರಿಕದ ವಿಜ್ಞಾನಿ ಐರಾ ಬೋವೆನ್ ಕಂಡುಹಿಡಿದರು, ಅದು ನಮ್ಮ ಆಕ್ಸಿಜನ್ನೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡು ವೇಷ ಮರೆಸಿಕೊಂಡಿದೆ ಅಷ್ಟೇ ಎಂದು. ಅಷ್ಟು ಜನ ತಲೆ ಕೆಡಿಸಿಕೊಂಡು ಕಂಡುಕೊಂಡ 500.7 ನ್ಯಾನೋಮೀಟರ್ ತರಂಗದ ಉದ್ದದ ಆ ಹಸಿರು ಬೆಳಕನ್ನು ನಾನು ಮೂರು ಒತ್ತಿನಲ್ಲಿ ಒರೆಸಿದ್ದೆ.

ಕೆಂಪಿನ ರಗಳೆ ಇನ್ನೊಂದು. ನೀಹಾರಿಕೆಯ ಕೆಂಪು ಹೈಡ್ರೋಜನ್‌ದು, 656 ನ್ಯಾನೋಮೀಟರ್. ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರ್ ಅದರಲ್ಲಿ ಬಹುಪಾಲನ್ನು ಹೊರಗೇ ನಿಲ್ಲಿಸುತ್ತದೆ. ಹಗಲಿನಲ್ಲಿ ಮನುಷ್ಯರ ಮುಖ ಮನುಷ್ಯರ ಮುಖದ ಬಣ್ಣದಲ್ಲೇ ಬರಬೇಕಲ್ಲ, ಅದಕ್ಕೆ. ಬಂದ ಚೂರುಪಾರು ಕೆಂಪನ್ನೇ ಮೇಲೆತ್ತೋಣ ಎಂದು ಸ್ಲೈಡರ್ ಎಳೆದೆ. ಬೀದಿ ದೀಪದ ಬೆಳಕಿಗೂ ಅದೇ ಬೇಕಿತ್ತು. ನೀಹಾರಿಕೆಗಿಂತ ಮೊದಲು ಅದೇ ಎದ್ದು ಬಂತು. ಚಿತ್ರದ ಎಡ ಮೂಲೆ ಇಟ್ಟಿಗೆ ಗೂಡಿಗೆ ಬೆಂಕಿ ಬಿದ್ದ ಹಾಗಾಯಿತು.

ಅದನ್ನು ತೆಗೆಯಲೂ ಒಂದು ಉಪಾಯವಿದೆ. ಖಾಲಿ ಆಕಾಶ ಎಲ್ಲೆಲ್ಲಿ ಇದೆಯೋ ಅಲ್ಲಿ ಗುರುತು ಹಾಕಬೇಕು. ತಂತ್ರಾಂಶ ಅಲ್ಲಿನ ಬಣ್ಣ ನೋಡಿ, ಅಷ್ಟನ್ನು ಇಡೀ ಚಿತ್ರದಿಂದ ಕಳೆಯುತ್ತದೆ. ನಾನು ಶ್ರದ್ಧೆಯಿಂದ ಮೂವತ್ತು ಗುರುತು ಹಾಕಿದೆ. ಅದರಲ್ಲಿ ನಾಲ್ಕು ನೀಹಾರಿಕೆಯ ಮೇಲೇ ಬಿದ್ದಿದ್ದವು. ತಂತ್ರಾಂಶ ಹೇಳಿದ ಕೆಲಸ ಮಾಡುವ ವಿನಯವಂತ. ನೀಹಾರಿಕೆಯೂ ಬೀದಿ ದೀಪದ ಕಸವೇ ಎಂದು ತಿಳಿದು ಅದನ್ನೂ ಗುಡಿಸಿ ಹಾಕಿತು. ಬೀದಿ ದೀಪ ಪೂರ್ತಿ ಹೋಗಿರಲಿಲ್ಲ. ನೀಹಾರಿಕೆ ಇದ್ದ ಜಾಗದಲ್ಲಿ ಮಾತ್ರ ಕಪ್ಪು ಗುಳಿ.

ಇಷ್ಟಾಗುವಾಗ ರಾತ್ರಿ ಸರಿದಿರುತ್ತದೆ. ಕಣ್ಣಿನ ಗುಣ ಗೊತ್ತಲ್ಲ, ಒಂದೇ ಬಣ್ಣವನ್ನು ಹತ್ತು ನಿಮಿಷ ನೋಡಿದರೆ ಅದು ಪೇಲವ ಅನ್ನಿಸತೊಡಗುತ್ತದೆ. ಮತ್ತೆ ಸ್ವಲ್ಪ ಏರಿಸುತ್ತೇವೆ. ನಾನು ಫೈಲಿಗೆ ಹೊತ್ತಿನ ಹೆಸರಿಡುತ್ತೇನೆ. ಹನ್ನೊಂದೂವರೆಯ ಫೈಲು ಸಭ್ಯವಾಗಿದೆ. ಒಂದು ಗಂಟೆಯದು ಸ್ವಲ್ಪ ಮೈ ಚಳಿ ಬಿಟ್ಟಿದೆ. ಎರಡೂ ಮುಕ್ಕಾಲಿನದನ್ನು ಮಕ್ಕಳಿಗೆ ತೋರಿಸುವ ಹಾಗಿಲ್ಲ.

ಇದಕ್ಕೆಲ್ಲ ಅಮೆರಿಕದ ಹವ್ಯಾಸಿ ಖಗೋಳಜ್ಞ ಹೆನ್ರಿ ಡ್ರೇಪರ್‌ನನ್ನು ನೆನೆದು ಹೊಟ್ಟೆ ಉರಿಯುತ್ತದೆ. ನೀಹಾರಿಕೆಯ ಮೊದಲ ಫೋಟೋ ಅವನದೇ. 1880ರ ಸೆಪ್ಟೆಂಬರ್ 30ರಂದು ಇದೇ ಓರಾಯನ್ ನೀಹಾರಿಕೆಗೆ 51 ನಿಮಿಷ ಎಕ್ಸ್‌ಪೋಷರ್ ಕೊಟ್ಟ. ಕಪ್ಪು-ಬಿಳುಪು. ಮನೆಗೆ ಹೋಗಿ ಮಲಗಿದ.

ನನಗೂ ಬುದ್ಧಿ ಬಂತು. ಒಳ್ಳೆಯ ಬಣ್ಣ ಬೇಕು ಎಂದು ಕಪ್ಪು-ಬಿಳುಪು ಕ್ಯಾಮೆರಾ ಕೊಂಡೆ.

ಈ ವಾಕ್ಯವನ್ನು ಮನೆಯಲ್ಲಿ ವಿವರಿಸುವುದು ಸುಲಭವಲ್ಲ. "ಇದ್ದಿದ್ದು ಕಲರ್ ಕ್ಯಾಮೆರಾ ಅಲ್ವಾ?" ಎಂದಳು ಹೆಂಡತಿ. ಹೌದು. "ಬಣ್ಣ ಸರಿ ಬರಲ್ಲ ಅಂತ ಬಣ್ಣವೇ ಬರದೇ ಇರೋದನ್ನ ತಂದ್ರಾ?" ಹೌದು. ಒಂದೊಂದು ಅನಿಲದ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ ಮೂರು ಬೇರೆ ಬೇರೆ ಚಿತ್ರ ತೆಗೆದು, ಆಮೇಲೆ ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟು ಸೇರಿಸುವುದು ಎಂದು ಹೇಳಿದೆ. ಅವಳು ಮರುಮಾತಾಡದೆ ಒಳಗೆ ಹೋದಳು. ಜಗಳವಾಡಿದ್ದರೆ ವಾಸಿಯಿತ್ತು.

ಈ ಪದ್ಧತಿಯನ್ನು ಲೋಕಕ್ಕೆ ಪರಿಚಯ ಮಾಡಿಸಿದ್ದು ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು. 1995ರಲ್ಲಿ ಅದು ತೆಗೆದ ಈಗಲ್ ನೀಹಾರಿಕೆಯ ಕಂಬಗಳ ಚಿತ್ರವನ್ನು ನೀವೂ ನೋಡಿರುತ್ತೀರಿ. ಅಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ. ನಿಜಕ್ಕೆ ಗಂಧಕ, ಹೈಡ್ರೋಜನ್ ಎರಡೂ ಕೆಂಪೇ. ಇದ್ದ ಹಾಗೇ ಬಿಟ್ಟರೆ ಯಾವುದು ಯಾವುದು ಗೊತ್ತಾಗುವುದಿಲ್ಲ. ಆದ್ದರಿಂದ ತರಂಗದ ಉದ್ದದ ಸಾಲಿನಲ್ಲೇ ನಿಲ್ಲಿಸಿ ಬಣ್ಣ ಹಂಚಿದ್ದಾರೆ. ಸುಳ್ಳು ಹೌದು, ಆದರೆ ಲೆಕ್ಕಾಚಾರದ ಸುಳ್ಳು.

ನನ್ನದು ಲೆಕ್ಕ ತಪ್ಪಿದ ಸುಳ್ಳು. ಫಿಲ್ಟರ್ ಡಬ್ಬಿಗಳ ಮೇಲೆ ಬಿಳಿ ಚೀಟಿ ಅಂಟಿಸಿ, ಎದ್ದು ಕಾಣಲಿ ಎಂದು ಕೆಂಪು ಪೆನ್ನಿನಲ್ಲಿ ಹೆಸರು ಬರೆದಿದ್ದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡಬಾರದು ಎಂದು ನಾವು ರಾತ್ರಿ ತಲೆಗೆ ಕಟ್ಟಿಕೊಳ್ಳುವುದು ಕೆಂಪು ದೀಪ. ಕೆಂಪು ಬೆಳಕಿನಲ್ಲಿ ಬಿಳಿ ಚೀಟಿಯೂ ಕೆಂಪು, ಕೆಂಪು ಅಕ್ಷರವೂ ಕೆಂಪು. ಮೂರು ಡಬ್ಬಿ, ಮೂರು ಖಾಲಿ ಚೀಟಿ. ಅಂದಾಜಿನ ಮೇಲೆ ಹಾಕಿದೆ. ಗಂಧಕ ಮತ್ತು ಆಕ್ಸಿಜನ್ ಅದಲು ಬದಲಾದವು.

ಫಲಿತಾಂಶ ಅದ್ಭುತವಾಗಿತ್ತು. ಅಂಚಿನಲ್ಲಿ ಇರಬೇಕಾದ ಹೊನ್ನಿನ ಬಣ್ಣ ನಡುವೆ ಬಂದು ಕೂತಿತ್ತು, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ. ಹೆಂಡತಿಯ ತಮ್ಮ ನೋಡಿ "ಭಾವ, ಇದು ನೀವೇ ತೆಗೆದಿದ್ದಾ?" ಎಂದ. ಆ ಪ್ರಶ್ನೆಯಲ್ಲಿ ಮೊದಲ ಬಾರಿಗೆ ಗೌರವವಿತ್ತು. ಮಾರನೇ ದಿನ ಹಗಲು ಬೆಳಕಿನಲ್ಲಿ ಚೀಟಿ ಓದಿ, ತಪ್ಪು ತಿಳಿದು, ಸರಿ ಮಾಡಿ ತೋರಿಸಿದೆ. "ಮೊದಲಿಂದೇ ಚೆನ್ನಾಗಿತ್ತು ಭಾವ, ಇದ್ಯಾಕೆ ಕೆಡಿಸಿದ್ರಿ?" ಎಂದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಸರಿ ಮಾಡಿದ ಚಿತ್ರದಲ್ಲೂ ಒಂದು ಹುಳುಕಿತ್ತು. ನಕ್ಷತ್ರಗಳಿಗೆಲ್ಲ ಕಡು ಗುಲಾಬಿ ಬಣ್ಣ ಬಂದಿತ್ತು. ಈ ರೀತಿ ಸೇರಿಸಿದ ಚಿತ್ರಗಳಿಗೆ ಇದು ಮಾಮೂಲಿ ಕಾಯಿಲೆ, ಮದ್ದೂ ಇದೆ. ಚಿತ್ರವನ್ನು ನೆಗೆಟಿವ್ ಮಾಡಿದರೆ ಆ ಗುಲಾಬಿ ಹಸಿರಾಗುತ್ತದೆ. ಹಸಿರು ತೆಗೆಯುವ ಬಟನ್ ಒತ್ತಿ, ಮತ್ತೆ ತಿರುಗಿಸಿದರೆ ನಕ್ಷತ್ರ ಸರಿ. ನಾನು ನೆಗೆಟಿವ್ ಮಾಡಿ ಬಟನ್ ಹುಡುಕುತ್ತಿದ್ದೆ. ಪರದೆ ತುಂಬಾ ಬಿಳಿ ಆಕಾಶ, ಕಪ್ಪು-ಹಸಿರು ಚುಕ್ಕೆ. ಹೆಂಡತಿ ಹಿಂದೆ ಬಂದು ನಿಂತಳು. "ಇದು ಪರವಾಗಿಲ್ಲ ನೋಡ್ರೀ. ಇದನ್ನೇ ಇಟ್ಕೊಳ್ಳಿ."

ಆಮೇಲೆ ಅವಳೇ ಕೇಳಿದಳು, "ನಿಜವಾಗ್ಲೂ ಇದರ ಬಣ್ಣ ಯಾವುದು? ಹತ್ತಿರ ಹೋಗಿ ನೋಡಿದ್ರೆ ಹೇಗಿರುತ್ತೆ?"

ಬೂದು, ಎಂದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ. ಟೆಲಿಸ್ಕೋಪಿನಲ್ಲಿ ನೋಡಿದರೂ ಓರಾಯನ್ ನೀಹಾರಿಕೆ ಬೂದು ಮಬ್ಬು, ಕಣ್ಣು ಚೆನ್ನಾಗಿದ್ದರೆ ಎಲ್ಲೋ ಒಂಚೂರು ಹಸಿರು. ಅದು ಸುಮಾರು 1,300 ಜ್ಯೋತಿರ್ವರ್ಷ ದೂರ ಇದೆ ಎಂಬುದು ಕಾರಣವಲ್ಲ. ಹತ್ತಿರ ಹೋದಷ್ಟೂ ಅದು ದೊಡ್ಡದಾಗುತ್ತದೆ. ಬರುವ ಬೆಳಕೂ ಹೆಚ್ಚುತ್ತದೆ, ಆದರೆ ಅಷ್ಟೇ ದೊಡ್ಡ ಜಾಗಕ್ಕೆ ಹರಡಿಕೊಳ್ಳುತ್ತದೆ. ಹೊಳಪು ಇದ್ದಷ್ಟೇ ಇರುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಈ ಬೆಟ್ಟ ಹತ್ತಿರದಿಂದಲೂ ಅಷ್ಟೇ ಮಬ್ಬು.

"ಅಂದ್ರೆ ಯಾರಿಗೂ ಕಾಣದ ಬಣ್ಣ ತಪ್ಪಾಯ್ತು ಅಂತ ನೀವು ನಿದ್ದೆಗೆಡ್ತೀರಾ?"

ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವೇ ಇತ್ತು. ಕಣ್ಣಿಗೆ ಕಾಣದಿದ್ದರೂ ಬಣ್ಣ ಅಲ್ಲಿದೆ, ಅಳೆಯಬಹುದು, ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಜೊತೆ ನಮ್ಮ ಚಿತ್ರದ ನಕ್ಷತ್ರಗಳನ್ನು ಹೋಲಿಸಿ ತಂತ್ರಾಂಶವೇ ಬಣ್ಣ ಸರಿ ಮಾಡುತ್ತದೆ ಎಂದೆಲ್ಲ. ಹೇಳಲಿಲ್ಲ. ಆ ಹೋಲಿಕೆಯನ್ನು ಸ್ಟ್ರೆಚ್ ಮಾಡುವ ಮೊದಲು ಮಾಡಬೇಕು. ನಾನು ಎಲ್ಲ ಮುಗಿದ ಮೇಲೆ ಮಾಡಿ ಇನ್ನೊಂದು ಚಿತ್ರ ಹಾಳು ಮಾಡಿದ್ದು ಆ ವಾರವೇ.

ಮೊನ್ನೆ ಮೋಡವಿಲ್ಲದ ರಾತ್ರಿ. ಮತ್ತೆ ಓರಾಯನ್, ಹಳೆಯ ಕಲರ್ ಕ್ಯಾಮೆರಾದಲ್ಲೇ. ಕೆಲಸ ಮುಗಿಸಿ ತಲೆಗೆ ಕಟ್ಟಿದ ದೀಪದ ಸಮೇತ ಕತ್ತಲ ಕೋಣೆಗೆ ಬಂದು ಕೂತೆ. ಮಾನಿಟರಿನ ಮೇಲಂಚಿಗೆ ಯಾರೋ ಒಂದು ಖಾಲಿ ಚೀಟಿ ಅಂಟಿಸಿದ್ದರು. ಅಡ್ಡ ಬರುತ್ತಿತ್ತು. ಕಿತ್ತು ಪಕ್ಕಕ್ಕಿಟ್ಟೆ. ಈ ಸಲ ಅವಸರ ಮಾಡಲಿಲ್ಲ. ಹಸಿರು ಬಟನ್ ಒಂದೇ ಸಲ ಒತ್ತಿದೆ. ಗುರುತುಗಳನ್ನು ನೀಹಾರಿಕೆಯಿಂದ ಮಾರು ದೂರ ಹಾಕಿದೆ. ಕೊನೆಗೆ ಸ್ವಲ್ಪ ಹಳದಿ ಅನ್ನಿಸಿತು, ಒಂಚೂರು ನೀಲಿ ಸೇರಿಸಿದೆ. ಹನ್ನೆರಡೂವರೆಗೆ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಮಗಳು ಎಬ್ಬಿಸಿದಳು. ಒಂದು ಕೈಯಲ್ಲಿ ಆ ಚೀಟಿ ಇತ್ತು. ಅದರ ಮೇಲೆ ಕೆಂಪು ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ, ಎರಡು ಸಲ ಅಡಿಗೆರೆ ಎಳೆದು ಬರೆದಿತ್ತು: "ಅಪ್ಪಾ, ನೈಟ್ ಮೋಡ್ ಆಫ್ ಮಾಡು."