ಮುಟ್ಬೇಡಿ ಅಜ್ಜಿ, ಹ್ಯಾಂಡ್‌ಮೇಡ್ ಅದು

ಭಾನುವಾರದಿಂದ ಈ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತೆ, ಪುರಸೊತ್ತಿದ್ದವರು ಓದಿ.

ಶಿವಮೊಗ್ಗದಲ್ಲಿ ಕರಕುಶಲ ಮೇಳ ಇತ್ತಲ್ಲ, ಸಾಗರದಿಂದ ನಾನೂ ಬುಟ್ಟಿ ಕಟ್ಟಿಕೊಂಡು ಹೋಗಿದ್ದೆ. ಫೋಟೊ ನೋಡಿ ನೀವೆಲ್ಲ ಹಾರ್ಟ್ ಒತ್ತಿದ್ದೀರಿ. (ಕೊಂಡವರು ಇಬ್ಬರು. ಇರಲಿ.) ನನ್ನ ಪಕ್ಕದ ಮಳಿಗೆಯಲ್ಲೂ ಬಿದಿರಿನ ಬುಟ್ಟಿಗಳೇ. ಚೆಂದದ ಲೈಟು, ಬುಟ್ಟಿಗೊಂದು ಇಂಗ್ಲಿಷ್ ಚೀಟಿ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಮೊಮ್ಮಗ ಐಸ್‌ಕ್ರೀಮ್ ತರಲು ಹೋಗಿದ್ದ ಅಂತ ಕಾಣುತ್ತೆ, ಒಬ್ಬರೇ ಇದ್ದರು. ಹೊಸನಗರದ ಕಡೆಯವರಂತೆ, ಆಮೇಲೆ ಮಾತಾಡುವಾಗ ಗೊತ್ತಾಯಿತು. ಒಂದು ಬುಟ್ಟಿ ಎತ್ತಿದರು. ಬಣ್ಣ ನೋಡಲಿಲ್ಲ. ಸೀದಾ ಮಗುಚಿ ತಳ ನೋಡಿದರು. ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಅಂಚನ್ನು ಒಂದು ಸುತ್ತು ಸವರಿದರು.

“ಮುಟ್ಬೇಡಿ ಅಜ್ಜಿ, ಹ್ಯಾಂಡ್‌ಮೇಡ್ ಅದು” ಅಂದರು ಆ ಮಳಿಗೆಯವರು.

ಅಜ್ಜಿ ಬುಟ್ಟಿ ಕೆಳಗಿಟ್ಟರು. ನನ್ನ ಮಳಿಗೆಗೆ ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಬಗ್ಗಿ ನೋಡಿದರು. ಇಸ್ಕೂಲಲ್ಲಿ ಬೈಸಿಕೊಂಡ ಮಕ್ಕಳು ನಿಲ್ಲುತ್ತವಲ್ಲ, ಹಾಗೆ.

“ಮುಟ್ಟಿ ನೋಡಿ ಅಮ್ಮ” ಅಂದೆ. “ಬ್ಯಾಡ ಮಗಾ, ಇರ್ಲಿ” ಅಂದರು.

ನನಗೆ ಉರಿದದ್ದು ಅಲ್ಲಿ. ಹ್ಯಾಂಡ್‌ಮೇಡ್ ಅಂತೆ! ಆ ಅಜ್ಜಿಯ ಮನೆಯಲ್ಲಿ ಕೈಯಲ್ಲಿ ಮಾಡದ್ದು ಏನಿತ್ತು? ಮೊರ, ಗೆರಸಿ, ಚಾಪೆ, ಮಳೆಗಾಲಕ್ಕೆ ಗೊರಬು, ತೋಟಕ್ಕೆ ಹೋದರೆ ತಲೆ ಮೇಲೆ ಹಾಳೆ ಟೊಪ್ಪಿ. ಅವರಿಗೆ ಹ್ಯಾಂಡ್‌ಮೇಡ್ ಪಾಠ ಹೇಳುವವರು ನಾವು.

ಮತ್ತೆ ಬುಟ್ಟಿ ಕೊಳ್ಳುವವರು ತಳ ನೋಡದೆ ಇನ್ನೇನು ನೋಡಬೇಕು? ನಾನು ಚಿತ್ತಾರ ಬರೆಯುವುದು ಭೂಮಣ್ಣಿ ಬುಟ್ಟಿಗೆ ಅಂತ ನಿಮಗೆ ಗೊತ್ತು. ಭೂಮ್ತಾಯಿಗೆ ಎಡೆ ಇಡುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ರಾತ್ರಿಯೆಲ್ಲ ಅಡುಗೆ ಮಾಡಿ, ಅದರಲ್ಲಿ ತುಂಬಿ, ಬೆಳಗಿನ ಜಾವ ತಲೆ ಮೇಲೆ ಹೊತ್ತು ಗದ್ದೆಗೆ ಹೋಗುವ ಬುಟ್ಟಿ ಅದು. ತಳ ಬಿಟ್ಟರೆ ಭೂಮ್ತಾಯಿಯ ಊಟ ಅರ್ಧ ದಾರಿಯಲ್ಲೇ ಮಣ್ಣಾಗುತ್ತೆ. ನಮ್ಮಜ್ಜಿ ಮೇದಾರರ ಹತ್ತಿರ ಬುಟ್ಟಿ ತರುವಾಗ ಹತ್ತು ಬುಟ್ಟಿ ಮಗುಚಿ ಹನ್ನೊಂದನೆಯದನ್ನು ಒಪ್ಪಿಕೊಳ್ಳುತ್ತಿದ್ದಳು. ಅವರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. “ನೋಡಮ್ಮ, ಚೆನ್ನಾಗಿ ನೋಡು, ಆಮೇಲೆ ನನ್ನ ಬೈಬೇಡ” ಅನ್ನುತ್ತಿದ್ದರು. ಆ ಒಂದು ಮಾತು ಸಾಕಲ್ವಾ?

ಆ ಪಕ್ಕದ ಮಳಿಗೆಯವರ ಹೆಸರು ಬೇಡ. ನನ್ನ ಫ್ರೆಂಡ್ ಲಿಸ್ಟಲ್ಲೇ ಇರಬಹುದು. ಇದ್ದರೆ ಓದಲಿ.

ಸಿಟ್ಟು ಅವರೊಬ್ಬರ ಮೇಲೆ ಮಾತ್ರ ಅಂದುಕೊಳ್ಳಬೇಡಿ. ಕೈಕೆಲಸ ಮಾಡುವ ನಮಗೆಲ್ಲ ಈಚೆಗೆ ಒಂದು ಜಂಬ ಬಂದಿದೆ. ತಡ ಆಯಿತಾ? ಕೈಕೆಲಸ. ಫೋನ್ ತೆಗೆಯಲಿಲ್ಲವಾ? ಕೈಕೆಲಸದಲ್ಲಿದ್ದೆ. ಗೆರೆ ಸೊಟ್ಟ ಇದೆಯಾ? ಅದೇ ಕೈಕೆಲಸದ ಸೊಗಸು ಮೇಡಂ. ದುಡ್ಡು ತಗೊಳ್ಳುವಾಗ ಮಾತ್ರ ಪಕ್ಕಾ ಅಂಗಡಿಯವರು, ಮಿಕ್ಕಿದ್ದಕ್ಕೆಲ್ಲ ಕಲಾವಿದರು.

ಬೆಲೆ ಕೇಳಿದರೆ “ಇನ್‌ಬಾಕ್ಸ್ ಮಾಡಿ” ಅನ್ನುವ ರೋಗ ಬೇರೆ. ಯಾಕ್ರೀ? ಬೆಲೆ ಏನು ಮದುವೆ ಗಂಡಿನ ಸಂಬಳವಾ, ಪಿಸುಗುಟ್ಟಿ ಹೇಳೋಕೆ? ಆನ್‌ಲೈನಲ್ಲಿ ಮಾರುವವರಿಗೆ ಅಂತ 2020ರಲ್ಲಿ ಇ-ಕಾಮರ್ಸ್ ನಿಯಮ ಬಂದಿದೆ. ಒಟ್ಟು ಬೆಲೆ ಎಷ್ಟು ಅಂತ ಸರಿಯಾಗಿ ತೋರಿಸಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತು ಅಂತ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನಮ್ಮಂಥ ಹಿತ್ತಲ ಬಾಗಿಲ ವ್ಯಾಪಾರಿಗಳನ್ನು ಹಿಡಿಯಲು ದಿಲ್ಲಿಯಿಂದ ಯಾರೂ ಸಾಗರಕ್ಕೆ ಬಸ್ ಹತ್ತುವುದಿಲ್ಲ, ನಿಜ. ಆದರೂ 48 ಗಂಟೆ ಅಂದರೆ ಎರಡು ದಿನ. ಎರಡು ದಿನದಲ್ಲಿ “ನೋಡ್ತೀನಿ ಅಕ್ಕ” ಅಂತ ಎರಡು ಪದ ಟೈಪ್ ಮಾಡಲು ಆಗದಷ್ಟು ಬ್ಯುಸಿ ನಾವ್ಯಾರೂ ಇಲ್ಲ. ರೀಲ್ಸ್ ಹಾಕಲು ಪುರಸೊತ್ತಿದೆ.

ಗೊತ್ತು, ಗೊತ್ತು. ಈಗ ಕೆಲವರು ಶುರು ಮಾಡುತ್ತೀರಿ: “ಗಿರಾಕಿಗಳೇನು ಸಾಚಾನಾ? ಗಾಂಧಿ ಬಜಾರಲ್ಲಿ ನೂರು ರೂಪಾಯಿಗೆ ಸಿಗುತ್ತೆ ಅಂತಾರೆ, ಮಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಕೊಡ್ತಾರೆ.” ಅಂಥವರೂ ಇದ್ದಾರೆ. ಒಬ್ಬರು ಮೂರು ವಾರ ಮೆಸೇಜ್ ಮಾಡಿ, ಹದಿನೇಳು ಫೋಟೊ ತರಿಸಿಕೊಂಡು, ಕೊನೆಗೆ “ನಾವೇ ಮನೇಲಿ ಟ್ರೈ ಮಾಡ್ತೀವಿ” ಅಂದಿದ್ದರು. ಆವತ್ತು ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆದರೆ ಚೌಕಾಸಿಗೆ ಇಷ್ಟು ನೊಂದುಕೊಳ್ಳುವುದೇನಿದೆ? ಸಂತೆಯಲ್ಲಿ ಬೆಳೆದವರಲ್ವಾ ನಾವು? ಕೇಳುವುದು ಅವರ ಹಕ್ಕು, ಆಗಲ್ಲ ಅನ್ನುವುದು ನಮ್ಮ ಹಕ್ಕು. ನಡುವೆ ಮುಖ ಊದಿಸಿಕೊಳ್ಳುವ ಕೆಲಸ ಯಾಕೆ?

ನಾನು ಲೆಕ್ಕ ಹೇಳಿಬಿಡುತ್ತೇನೆ. ಬುಟ್ಟಿಗೆ ಮೇದಾರರಿಗೆ ಕೊಡುವುದು 180. ತಂದ ಮೇಲೆ ಸಂದು ಮುಚ್ಚುವ ಹಾಗೆ ಸಗಣಿ ಬಳಿಯಬೇಕು. ಒಣಗಬೇಕು. ಆಮೇಲೆ ಕೆಮ್ಮಣ್ಣು. ಮತ್ತೆ ಒಣಗಬೇಕು. ನೆನೆಸಿದ ಅಕ್ಕಿ ರುಬ್ಬಿದರೆ ಬಿಳಿ, ಅದೇ ಅಕ್ಕಿಯನ್ನು ಕರಕಲಾಗುವ ತನಕ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ. ಬ್ರಷ್ ಬದಲು ಪುಂಡಿ ನಾರು, ತುದಿ ಜಜ್ಜಿ ಎಳೆ ಮಾಡಿಕೊಂಡದ್ದು. ಗೆರೆ ಎಳೆಯಲು ಕೂತರೆ ಒಂದೂವರೆ ದಿನ. 650 ರೂಪಾಯಿ. ಇಷ್ಟು ಹೇಳಿದ ಮೇಲೆ ಹತ್ತರಲ್ಲಿ ಆರು ಜನ ತಗೊಳ್ಳುತ್ತಾರೆ. ನಾಲ್ಕು ಜನ “ಚೆನ್ನಾಗಿದೆ, ನಮ್ಮ ಕೈಗೆ ಎಟುಕಲ್ಲ” ಅಂತ ನಕ್ಕು ಹೋಗುತ್ತಾರೆ. ಅವರು ಮನೆಗೆ ಹೋಗಿ ನನ್ನ ಬೈಯುವುದಿಲ್ಲ. ಅದಕ್ಕಿಂತ ಇನ್ನೇನು ಬೇಕು?

ಇಷ್ಟೆಲ್ಲ ಬರೆದು ನಾನೇನೋ ದೊಡ್ಡ ಸಾಚಾ ಅಂದುಕೊಂಡುಬಿಡುತ್ತೀರಿ, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ.

ಹೋದ ವರ್ಷ ಆಷಾಢದಲ್ಲಿ ದಾವಣಗೆರೆಯ ಒಬ್ಬರು ಹನ್ನೆರಡು ಸಣ್ಣ ಬುಟ್ಟಿ ಕೇಳಿದ್ದರು. ಮಗಳ ಸೀಮಂತಕ್ಕೆ, ಬಾಗಿನ ಇಟ್ಟು ಕೊಡಲು. ನಮ್ಮ ಆಷಾಢ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಬಟ್ಟೆ ನಾಲ್ಕು ದಿನಕ್ಕೂ ಒಣಗಲ್ಲ, ಬೆಂಕಿಪೆಟ್ಟಿಗೆ ಮೆತ್ತಗಾಗಿರುತ್ತೆ. ಮಳೆ ನಿಲ್ಲಲಿ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಆರೇಳು ಸಾವಿರದ ಆರ್ಡರ್ ಕೈ ಬಿಟ್ಟು ಹೋಗುತ್ತಲ್ಲ ಅನ್ನುವ ಆಸೆ. ಬುಟ್ಟಿಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ, ಮುಟ್ಟಿದರೆ ಒಣಗಿದ ಹಾಗಿತ್ತು. ಪ್ಲಾಸ್ಟಿಕ್ ಸುತ್ತಿ ಪಾರ್ಸೆಲ್ ಮಾಡಿದೆ. ಸಗಣಿ, ಅಕ್ಕಿ ಹಿಟ್ಟು, ಮೇಲೆ ಪ್ಲಾಸ್ಟಿಕ್. ಬೂಷ್ಟು ಹಿಡಿಯದೆ ಇನ್ನೇನಾಗುತ್ತೆ? ಅವರು ಫೋಟೊ ಕಳಿಸಿದರು. ಹನ್ನೆರಡರಲ್ಲಿ ಎಂಟಕ್ಕೆ ಹತ್ತಿಯ ಹಾಗೆ ಬೂಷ್ಟು.

ನಾನು ಏನು ಉತ್ತರ ಕೊಟ್ಟೆ ಗೊತ್ತಾ? “ಎಲ್ಲಾ ನ್ಯಾಚುರಲ್ ಮೇಡಂ, ಕೈಕೆಲಸ ಅಂದ್ಮೇಲೆ ಹಾಗೇನೇ.” ಕೆಳಗೆ ಒಂದು ಕೈಮುಗಿಯುವ ಚಿತ್ರ. ಆ ಮೆಸೇಜ್ ಇವತ್ತಿಗೂ ಅಳಿಸಿಲ್ಲ.

ಹನ್ನೊಂದು ದಿನ ಆದ ಮೇಲೆ ತಡೆಯಲಾಗದೆ ಫೋನ್ ಮಾಡಿದೆ. ದುಡ್ಡು ವಾಪಸ್ ಕೊಡುತ್ತೇನೆ ಅಂದೆ. “ಇರ್ಲಿ ಬಿಡಮ್ಮ, ಒಣ ಬಟ್ಟೇಲಿ ಒರಸಿ ಬಿಸಿಲಿಗಿಟ್ವಿ. ಕಾರ್ಯ ಆಯ್ತಲ್ಲ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ದುಡ್ಡು ಹಾಕಿದೆ, ಅದಕ್ಕೆ ಉತ್ತರ ಬರಲಿಲ್ಲ. ಅವರೂ ಮತ್ತೆ ಬರಲಿಲ್ಲ.

ನಮ್ಮ ಕಡೆಯ ಗಿರಾಕಿಗಳಲ್ಲಿ ಇದೇ ಕಷ್ಟ. ಜಗಳ ಆಡುವುದಿಲ್ಲ, ಒಂದು ಸ್ಟಾರ್ ಕೊಟ್ಟು ಉದ್ದುದ್ದ ಬರೆಯುವುದಿಲ್ಲ. “ಇರ್ಲಿ ಬಿಡಿ” ಅಂತಾರೆ. ನಾವು ದಡ್ಡರು, ಒಪ್ಪಿಕೊಂಡರು ಅಂದುಕೊಳ್ಳುತ್ತೇವೆ. ಮುಂದಿನ ಸಲ ಪಕ್ಕದ ಬೀದಿಯಲ್ಲಿ ಕಂಡರೂ ಚೆನ್ನಾಗೇ ಮಾತಾಡಿಸುತ್ತಾರೆ, ಕಾಫಿಗೂ ಕರೆಯುತ್ತಾರೆ. ಬುಟ್ಟಿ ಮಾತ್ರ ಬೇರೆಯವರ ಹತ್ತಿರ ತಗೊಂಡಿರುತ್ತಾರೆ.

ಆಮೇಲಿಂದ ಮಳೆಗಾಲದಲ್ಲಿ ಆರ್ಡರ್ ತಗೊಳ್ಳುವುದು ಬಿಟ್ಟಿದ್ದೇನೆ. ತಗೊಂಡರೂ ಬಿಸಿಲು ಬಿದ್ದ ಮೇಲೆ ಕಳಿಸುತ್ತೇನೆ ಅಂತ ಮೊದಲೇ ಹೇಳುತ್ತೇನೆ. ಹೊಗೆ ವಾಸನೆ ಒಂದು ವಾರ ಇರುತ್ತೆ, ಹಳದಿ ಪ್ರತಿ ಸಲ ಒಂದೇ ಥರ ಬರಲ್ಲ, ಒದ್ದೆ ಕೈಯಲ್ಲಿ ಮುಟ್ಟಿದರೆ ಬಿಳಿ ಗೆರೆ ಹೋಗುತ್ತೆ ಅಂತ ಚೀಟಿ ಬರೆದು ಒಳಗೆ ಹಾಕುತ್ತೇನೆ. ವರ್ಷ ಕಳೆದ ಮೇಲೆ “ಬುಟ್ಟಿ ಕೆಳಗೆ ಹಿಟ್ಟು ಉದುರ್ತಿದೆ” ಅಂತ ಫೋನ್ ಬಂದರೆ ಅದು ಬಿದಿರಿಗೆ ಬಿದ್ದ ಹುಳ. ಬಿದಿರಲ್ಲಿರುವ ಪಿಷ್ಟ ತಿನ್ನಲು ಬರುತ್ತೆ. ಬಿಸಿಲಿಗಿಡಿ ಅನ್ನುತ್ತೇನೆ, ಜಾಸ್ತಿ ಆಗಿದ್ದರೆ ಬೇರೆ ಬುಟ್ಟಿ ಕೊಡುತ್ತೇನೆ. ಇದರಿಂದ ಲಾಭ ಆಯಿತಾ ಅಂತ ನನ್ನ ತಮ್ಮ ಕೇಳುತ್ತಾನೆ. ಅವನು ಬ್ಯಾಂಕಲ್ಲಿದ್ದಾನೆ, ಬಿಡಿ.

ಹಾಂ, ಆ ಅಜ್ಜಿಯ ಕಥೆ ಅರ್ಧಕ್ಕೇ ಬಿಟ್ಟೆ. ನಾನು ದೊಡ್ಡ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಎಲ್ಲಾ ಬೆಲೆ ಬರೆದು ನಿಲ್ಲಿಸಿದ್ದೆ, ಅದರ ಮೇಲೆ ನನಗೆ ಭಾರಿ ಹೆಮ್ಮೆ. ಅಜ್ಜಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಅದ್ರಾಗೆ ಏನಂತ ಬರ್ದಿದೀಯ ಮಗಾ?” ಅಂದರು.

ನಾನು ಮಳಿಗೆಯ ಈಚೆ ಬಂದು ಪಕ್ಕದಲ್ಲಿ ನಿಂತು ಒಂದೊಂದೇ ಓದಿ ಹೇಳಿದೆ. ಅಷ್ಟರಲ್ಲಿ ಬೆನ್ನ ಹಿಂದಿನ ಒಂದು ಕೈ ಮುಂದೆ ಬಂತು. ಸಣ್ಣ ಬುಟ್ಟಿ ಎತ್ತಿ ಮಗುಚಿದರು, ತಳ ಒತ್ತಿದರು. “ಕಟ್ಟು ಗಟ್ಟಿ ಇದೆ. ಕೆಮ್ಮಣ್ಣು ಮಾತ್ರ ಒಂದು ಕೈ ಕಮ್ಮಿ ಆಯ್ತು ನೋಡು” ಅಂದರು. ಮೊಮ್ಮಗ ಬಂದು ಕರೆದ, ಹೋದರು. ಕೊಳ್ಳಲಿಲ್ಲ.

ಅಟ್ಟದಲ್ಲಿ ಐದು ಬುಟ್ಟಿ ಇವೆ. ಇಳಿಸಿ ನೋಡಿದೆ, ಅಜ್ಜಿ ಹೇಳಿದ್ದು ಸರಿ, ಕಮ್ಮಿನೇ ಆಗಿದೆ. ಕೆಮ್ಮಣ್ಣು ನೆನೆ ಹಾಕಿ ಬರುತ್ತೇನೆ. ಭೂಮಿ ಹುಣ್ಣಿಮೆಗೆ ಬೇಕಾದವರು ಕೇಳಿ. ಸಣ್ಣದು 550, ದೊಡ್ಡದು 650, ಅಂಚೆ ಖರ್ಚು ಬೇರೆ. ಇನ್‌ಬಾಕ್ಸ್ ಬೇಡ, ಇಲ್ಲೇ ಕೇಳಿ.