ಸಮನ್ವಯ ಶಿಕ್ಷಣ, ಮೊದಲನೇ ಮಹಡಿ

ಎಲ್ಲ ಮಕ್ಕಳನ್ನೂ ಒಳಗೊಳ್ಳುವುದು ಹೇಗೆ ಎಂಬ ತರಬೇತಿ ಮೊದಲನೇ ಮಹಡಿಯಲ್ಲಿತ್ತು. ಪೋಲಿಯೊ ಕಾಲಿನ ಮೇಷ್ಟ್ರೊಬ್ಬರು ಗೋಡೆ ಹಿಡಿದು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ರ‍್ಯಾಂಪಿನ ಮಹತ್ವದ ಸ್ಲೈಡು ಮುಗಿದಿತ್ತು.

ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ಸಂಪನ್ಮೂಲ ವ್ಯಕ್ತಿಗಳು ಒಂದೇ ಸಮನೆ ಹೇಳಿದ್ದಿಷ್ಟು: ಬರೀ ಭಾಷಣ ಮಾಡಿದರೆ ಯಾರೂ ಕಲಿಯುವುದಿಲ್ಲ. ನಿಜ, ನಾವೂ ಕಲಿಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ವೈಕಲ್ಯಗಳನ್ನು ಹಾಜರಿ ಕೂಗಿದ ಹಾಗೆ ಕೂಗಿದರು. ಹಿಂದಿನ ಸಾಲಿನಿಂದ ಯಾರೋ 'ಪ್ರೆಸೆಂಟ್ ಸಾರ್' ಅಂದರು. ಮಧ್ಯಾಹ್ನದ ಪಲಾವು ಮಾತ್ರ ಯಾರನ್ನೂ ಹೊರಗಿಡಲಿಲ್ಲ. ಎಲ್ಲರಿಗೂ ಸಮಾನ ಎದೆಯುರಿ.

ಹಾಗೆ ನೋಡಿದರೆ ಇದೆಲ್ಲ ನಮಗೆ ಹೊಸದೇ? 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಕಟ್ಟಿದರು. ಒಂದೊಂದು ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತಬೇಕು, ಹಿಂದೆ ಬಿದ್ದವನಿಗೆ ದಡ್ಡ ಅನ್ನಬಾರದು. ಮಕ್ಕಳೆಲ್ಲ ನೆಲದ ಮೇಲೆ, ಮೇಷ್ಟ್ರೂ ನೆಲದ ಮೇಲೆ, ನಡುವೆ ಹರಡಿದ ಕಾರ್ಡುಗಳು. ಎಷ್ಟು ಚೆಂದದ ಯೋಚನೆ! ಆಮೇಲೆ ರಾಜ್ಯಕ್ಕೆಲ್ಲ ಹಂಚಿದೆವು. ಈಗ ನಮ್ಮ ಶಾಲೆಯಲ್ಲಿ ಕಾರ್ಡುಗಳು ಬೀರುವಿನೊಳಗೆ ಭದ್ರವಾಗಿವೆ. ಹರಿದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡುವವರು ಯಾರು? ಗೆದ್ದಲಿಗೆ ಅಂಥ ಭಯವಿಲ್ಲ, ಅದು ನಲಿಯುತ್ತ ಕಲಿಯುತ್ತಿದೆ.

ನಮ್ಮದು ಏಕೋಪಾಧ್ಯಾಯ ಶಾಲೆ. ಒಂದರಿಂದ ಐದರವರೆಗೆ ತರಗತಿಗಳು, ಒಬ್ಬ ನಾನು. ಮನೆಯಲ್ಲಿ ಲಂಬಾಣಿ ಆಡುವವರು, ಉರ್ದು ಆಡುವವರು, ಏನೂ ಆಡದೆ ಕಿಟಕಿಯಾಚೆ ನೋಡುವವನೊಬ್ಬ. ಇವರೆಲ್ಲರ ಕಡೆ 'ವೈಯಕ್ತಿಕ ಗಮನ' ಹರಿಸಬೇಕಂತೆ. ಹರಿಸೋಣ. ಹಾಲು ಕಾಸಿ, ಮೊಟ್ಟೆ ಎಣಿಸಿ, ಆ್ಯಪಿಗೆ ಹಾಜರಿ ತುಂಬಿ, ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕ್ ಹತ್ತಿ ಇಳಿದ ಮೇಲೆ.

ನಗುವುದಕ್ಕೂ ಸಾಕಾಗಿದೆ ಕಣ್ರೀ. ಮೂರನೇ ಕ್ಲಾಸಿನಲ್ಲೊಬ್ಬ ಹುಡುಗಿಗೆ ಕಿವಿ ಕೇಳುವುದಿಲ್ಲ. ನನ್ನ ತುಟಿ ನೋಡಿಯೇ ಪಾಠ ತಿಳಿದುಕೊಳ್ಳುತ್ತಾಳೆ. ನಾನು ಬೋರ್ಡಿನ ಕಡೆ ತಿರುಗಿದರೆ ಅವಳಿಗೆ ಶಾಲೆಯೇ ಆರಿಹೋದ ಹಾಗೆ. ಮತದಾರರ ಪಟ್ಟಿ ಹಿಡಿದು ನಾನು ಬಾಗಿಲು ಬಾಗಿಲು ಬಡಿಯುವ ದಿನ ಅವಳು ಯಾರ ತುಟಿ ನೋಡಬೇಕು? ತರಬೇತಿಯಲ್ಲಿ ಎದ್ದು ನಿಂತು ಇದನ್ನೇ ಕೇಳಿದೆ. 'ಒಳ್ಳೆಯ ಪ್ರಶ್ನೆ' ಅಂದರು. ಮುಂದಿನ ಸ್ಲೈಡಿಗೆ ಹೋದರು.

ನಿನ್ನೆ ಗ್ರೂಪಿನಲ್ಲಿ ಸಂದೇಶ ಬಂದಿದೆ. ತರಬೇತಿ ಜಾರಿಯಾದ ಬಗ್ಗೆ ಜಿಯೊಟ್ಯಾಗ್ ಫೋಟೊ ಸಂಜೆಯೊಳಗೆ ಬೇಕು. ವಿಶೇಷ ಚೇತನ ಮಗು ಮುಂದಿನ ಸಾಲಿನಲ್ಲಿರಬೇಕು, ಕಿವಿಯ ಮೆಷಿನ್ನು ಸ್ಪಷ್ಟವಾಗಿ ಕಾಣಬೇಕು.

ಕಾಣುತ್ತದೆ ಬಿಡಿ. ಅದರ ಸೆಲ್ಲು ಸತ್ತು ಎರಡು ತಿಂಗಳಾದದ್ದು ಫೋಟೊದಲ್ಲಿ ಗೊತ್ತಾಗುವುದಿಲ್ಲ.