ನಾಲ್ಕು ಹೆಸರು ಓದೋಕೆ ಟೈಮ್ ಇಲ್ವಂತೆ

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜುಲೈ 26, ಕಾರ್ಗಿಲ್ ವಿಜಯ ದಿವಸ. ಬೀದರ್‌ನ ನಮ್ಮ ಬಡಾವಣೆಯಲ್ಲಿ ಪ್ರತಿ ವರ್ಷ ಒಂದು ಕಾರ್ಯಕ್ರಮ ಇರುತ್ತದೆ. ಈ ಸಲ ಒಂಬತ್ತಕ್ಕೆ ಶುರು ಅಂದಿದ್ದರು. ಮುಖ್ಯ ಅತಿಥಿ ಬಂದಿದ್ದು ಹನ್ನೊಂದರ ಹತ್ತಿರ. ಅಲ್ಲಿಯವರೆಗೆ ಶಾಲೆಯ ಮಕ್ಕಳು ಜಿಟಿಜಿಟಿ ಮಳೆಯಲ್ಲಿ ಧ್ವಜ ಹಿಡಿದು ನಿಂತೇ ಇದ್ದರು. ಆಮೇಲೆ ಶಾಲು, ಹಾರ, ಪೇಟ. ವೇದಿಕೆ ಮೇಲೆ ಕೂತವರಿಗೆಲ್ಲ ಸನ್ಮಾನ, ಒಬ್ಬೊಬ್ಬರಿಗೂ ಫೋಟೋ. ಮಾಜಿ ಸೈನಿಕರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು, ಅವರನ್ನು ಯಾರೂ ಮುಂದೆ ಕರೆಯಲಿಲ್ಲ. ಎರಡು ನಿಮಿಷ ಮೌನ ಅಂದರು. ಅರ್ಧ ನಿಮಿಷವೂ ಆಗಿರಲಿಲ್ಲ, "ಎಲ್ರೂ ಕೂತ್ಕೋರಿ" ಅಂತ ಮೈಕ್‌ನಲ್ಲಿ ಕೂಗು.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗೋಕೆ ಆಗದೇ ಇದ್ದದ್ದು ಬೇರೆ.

ಕಾರ್ಯಕ್ರಮಕ್ಕೆ ಮೊದಲೇ ಸಂಘಟಕರ ಕೈಗೆ ಒಂದು ಚೀಟಿ ಕೊಟ್ಟಿದ್ದೆ. ಅದರಲ್ಲಿ ಕಾರ್ಗಿಲ್ ಯುದ್ಧದಲ್ಲಿ ಜೀವ ಕೊಟ್ಟ ವಾಯುಪಡೆಯ ನಾಲ್ವರ ಹೆಸರು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್. ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್. ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್. ಸಾರ್ಜೆಂಟ್ ಆರ್.ಕೆ. ಸಾಹು. ಮೌನಕ್ಕೆ ಮುಂಚೆ ಇವನ್ನೂ ಓದಿ ಅಂತ ಕೇಳಿದ್ದೆ. ಓದಲಿಲ್ಲ. ಯಾಕೆ ಅಂತ ಕೇಳಿದರೆ ಬಂದ ಉತ್ತರ ಇದು: "ಟೈಮ್ ಇಲ್ರಿ ಸರ. ಮತ್ತ ಅವರೇನು ಲಡಾಯಿ ಮಾಡಿ ಸತ್ತವರಲ್ಲ, ಹೆಲಿಕಾಪ್ಟರ್ ಬಿದ್ದು ಸತ್ತಾರ."

ಲಡಾಯಿ ಮಾಡಿ ಸತ್ತವರಲ್ಲವಂತೆ!

1999ರ ಮೇ 28. ವಾಯುಪಡೆ ಕಾರ್ಗಿಲ್ ಯುದ್ಧಕ್ಕೆ ಇಳಿದು ಎರಡೇ ದಿನ ಆಗಿತ್ತು. ಹಿಂದಿನ ದಿನವಷ್ಟೇ ನಮ್ಮ ಎರಡು ಯುದ್ಧವಿಮಾನ ಕಳೆದುಕೊಂಡಿದ್ದೆವು. ಅಲ್ಲಿ ಎಂಥ ಅಪಾಯ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಈ ನಾಲ್ವರ ಎಂಐ-17 ಹೆಲಿಕಾಪ್ಟರ್ ಟೋಲೋಲಿಂಗ್ ಮೇಲೆ ದಾಳಿಗೆ ಹೋಯಿತು. ಸುಮಾರು 15 ಸಾವಿರ ಅಡಿ ಎತ್ತರದ ಬೆಟ್ಟ. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿ ಹೆಲಿಕಾಪ್ಟರ್ ಮೇಲೇರೋದೇ ಕಷ್ಟ. ಶತ್ರುವಿನ ಕೈಯಲ್ಲಿ ಸ್ಟಿಂಗರ್ ಇತ್ತು. ಹೆಗಲ ಮೇಲಿಟ್ಟು ಹಾರಿಸುವ, ಎಂಜಿನ್ನಿನ ಬಿಸಿಯನ್ನು ಬೆನ್ನಟ್ಟುವ ಕ್ಷಿಪಣಿ ಅದು. ಅದರ ದಾರಿ ತಪ್ಪಿಸಲು ಉರಿಯುವ ಫ್ಲೇರ್‌ಗಳನ್ನು ಬಿಡಬೇಕು. ಇವರ ಹೆಲಿಕಾಪ್ಟರ್‌ನಲ್ಲಿ ಆ ಸಾಧನವೇ ಇರಲಿಲ್ಲ. ಹೋದರು, ರಾಕೆಟ್ ಹಾರಿಸಿದರು, ತಿರುಗುವಾಗ ಕ್ಷಿಪಣಿ ಬಡಿಯಿತು. ನಾಲ್ವರೂ ಹೋದರು. ಅದಾದ ಮೇಲೆ ವಾಯುಪಡೆ ಎಂಐ-17ಗಳನ್ನು ದಾಳಿಯ ಕೆಲಸದಿಂದ ಹಿಂದಕ್ಕೆ ತೆಗೆದುಕೊಂಡಿತು. ಅಂದರೆ ಮುಂದೆ ಹೋಗಬೇಕಾಗಿದ್ದ ಎಷ್ಟೋ ಜನ ಉಳಿದುಕೊಂಡರು. ನಾಲ್ವರಿಗೂ ಮರಣೋತ್ತರ ವಾಯುಸೇನಾ ಪದಕ ಸಿಕ್ಕಿದೆ. ಇದು ಲಡಾಯಿ ಅಲ್ಲದಿದ್ದರೆ ಇನ್ಯಾವುದು ಲಡಾಯಿ?

ಇನ್ನೊಂದು ಮಾತು. ಪೈಲಟ್ ಹೆಸರಾದರೂ ಎಲ್ಲೋ ಒಂದು ಕಡೆ ಉಳಿಯುತ್ತದೆ. ಹಿಂದೆ ಕೂತ ಸಾರ್ಜೆಂಟ್‌ಗಳನ್ನು ಯಾರು ನೆನೆಯುತ್ತಾರೆ? ಅದಕ್ಕೇ ನಾಲ್ಕೂ ಹೆಸರು ಬರೆದು ಕೊಟ್ಟಿದ್ದು.

ಸತ್ತವರ ಸುದ್ದಿ ಮುಚ್ಚಿಹೋದದ್ದು ಬೇರೆ ಕಡೆಯೂ ಇದೆ. 1943ರಲ್ಲಿ ಆಸ್ಟ್ರೇಲಿಯಾದ ಮ್ಯಾಕೇ ಊರಿನ ಹತ್ತಿರ, ಬೇಕರ್ಸ್ ಕ್ರೀಕ್‌ನಲ್ಲಿ ಅಮೆರಿಕದ ಒಂದು ಬಿ-17 ವಿಮಾನ ಬಿತ್ತು. ರಜೆ ಮುಗಿಸಿ ನ್ಯೂಗಿನಿಗೆ, ಯುದ್ಧಕ್ಕೆ ವಾಪಸ್ ಹೊರಟಿದ್ದ ಸೈನಿಕರು ಅದರಲ್ಲಿದ್ದರು. 41 ಜನರಲ್ಲಿ ಉಳಿದವನು ಒಬ್ಬನೇ. ಯುದ್ಧದ ಕಾಲ ಅಂತ ಸರ್ಕಾರ ಸುದ್ದಿಯನ್ನು ಮುಚ್ಚಿಟ್ಟಿತು. ಮಗ ಎಲ್ಲಿ, ಹೇಗೆ ಸತ್ತ ಅನ್ನೋದು ಎಷ್ಟೋ ಮನೆಗಳಿಗೆ ಸರಿಯಾಗಿ ಗೊತ್ತಾಗಲೇ ಇಲ್ಲ. ಈಗ ಅಲ್ಲಿ ಸ್ಮಾರಕ ಇದೆ. ಅವರಿಗೆ ಬಾಯಿ ಮುಚ್ಚಿಸೋಕೆ ಒಂದು ಮಹಾಯುದ್ಧದ ಕಾರಣ ಇತ್ತು. ನಮಗೆ ಏನಿದೆ? ಎಲ್ಲ ಗೊತ್ತಿದ್ದೂ ಓದಲಿಲ್ಲ ಅಲ್ವಾ ನಾವು?

ಅದೂ ಬೀದರ್‌ನಲ್ಲಿ. ಬೆಳಗಾದರೆ ವಾಯುನೆಲೆಯಿಂದ ಹಾಕ್ ವಿಮಾನಗಳ ಸದ್ದು ಕೇಳುವ ಊರಿದು. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಇಲ್ಲಿನದು ಅಂತ ಹೆಮ್ಮೆ ಪಡುತ್ತೇವೆ. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ, ಏರ್ ಶೋಗೆ ಒಂದು ದಿನ ಮುಂಚೆ, ಅದೇ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಹಾರುವ ಕೆಲಸದಲ್ಲಿ ಜೀವ ಎಷ್ಟು ತೆಳುವಾದ ದಾರದ ಮೇಲೆ ಇರುತ್ತದೆ ಅಂತ ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ಊರಲ್ಲಿ ನಿಂತು "ಬಿದ್ದು ಸತ್ತಾರ" ಅನ್ನೋಕೆ ಬಾಯಾದರೂ ಹೇಗೆ ಬರುತ್ತದೆ?

ಆ ಹೆಸರುಗಳನ್ನು ಓದೋಕೆ ಅರ್ಧ ನಿಮಿಷ ಸಾಕು. ಶಾಲು ಹೊದಿಸೋಕೆ ಮುಕ್ಕಾಲು ಗಂಟೆ ಇತ್ತು ಅವರ ಹತ್ತಿರ.

ಮುಂದಿನ ಜುಲೈಗೆ ಚಂದಾ ಕೇಳಲು ನನ್ನ ಮನೆಗೆ ಬರುವವರು ಮೊದಲು ಕಾರ್ಯಕ್ರಮದ ಪಟ್ಟಿ ತೋರಿಸಿ. ಹೆಸರು ಮೊದಲು, ಸನ್ಮಾನ ಕೊನೆಗೆ. ಮಾಜಿ ಸೈನಿಕರು ಮುಂದಿನ ಸಾಲಿನಲ್ಲಿ. ಹಾಗಿಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಲ್ಲ. ನನ್ನ ಹಾಗೆ ಸಿಟ್ಟು ಬಂದವರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ, ಅವರಿಗೂ ಇದನ್ನೇ ಹೇಳಿದ್ದೇನೆ.